ಎಪ್ಸ್ಕೋರ್: ಸಂಶೋಧನೆಯ ಪೈಪೋಟಿಯಲ್ಲಿ ಹಿಂದೆ ಬಿದ್ದ ರಾಜ್ಯಗಳಿಗೆ ಸರ್ಕಾರದ ಹಣ

ಅಮೆರಿಕದ ಎಪ್ಸ್ಕೋರ್ ಯೋಜನೆಯ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ಅಲ್ಲಿ ಸಂಶೋಧನೆಗೆ ಸರ್ಕಾರದ ಹಣ ಸಿಗುವುದು ಬಹುಮಟ್ಟಿಗೆ ಪೈಪೋಟಿಯಿಂದ. ವಿಜ್ಞಾನಿ ಪ್ರಸ್ತಾವ ಬರೆಯುತ್ತಾರೆ, ಅದೇ ಕ್ಷೇತ್ರದ ತಜ್ಞರು ಓದಿ ತೂಗುತ್ತಾರೆ, ಚೆನ್ನಾಗಿದ್ದರೆ ಅನುದಾನ. ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ತೊಡಕು ಪ್ರಸ್ತಾವ ಬರೆಯುವ ಮೊದಲೇ ಶುರುವಾಗಿರುತ್ತದೆ. ಗೆಲ್ಲಬೇಕಾದರೆ ಒಂದಿಷ್ಟು ಆರಂಭಿಕ ಫಲಿತಾಂಶ ತೋರಿಸಬೇಕು. ಅದಕ್ಕೆ ಒಳ್ಳೆಯ ಉಪಕರಣ ಬೇಕು, ಪಿಎಚ್‌ಡಿ ವಿದ್ಯಾರ್ಥಿಗಳು ಬೇಕು, ಪಾಠದ ಹೊರೆ ಕಡಿಮೆ ಇರಬೇಕು. ಇವೆಲ್ಲ ಇರುವುದು ಹಿಂದೆ ಅನುದಾನ ಗೆದ್ದ ಕಡೆಯೇ. ಹೀಗಾಗಿ ಗೆದ್ದವರೇ ಮತ್ತೆ ಗೆಲ್ಲುತ್ತಾರೆ. ಈ ಸುತ್ತನ್ನು ಮುರಿಯಲು ಬಂದ ಯೋಜನೆಯೇ ಎಪ್ಸ್ಕೋರ್. ನಡೆಸುವುದು ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಷನ್, ಅಂದರೆ ಎನ್‌ಎಸ್‌ಎಫ್.

ಇದರ ಬೇರು 1940ರ ದಶಕದ ಒಂದು ಜಗಳದಲ್ಲಿದೆ. ಹಣ ಅತ್ಯುತ್ತಮ ವಿಜ್ಞಾನಿಗಳಿಗೆ ಹೋಗಲಿ, ಅವರು ಎಲ್ಲಿದ್ದರೂ ಸರಿ ಎಂದವರು ಎರಡನೇ ಮಹಾಯುದ್ಧದಲ್ಲಿ ಸರ್ಕಾರದ ಸಂಶೋಧನೆಯ ಹೊಣೆ ಹೊತ್ತಿದ್ದ ವ್ಯಾನೆವರ್ ಬುಷ್. ಒಂದು ಪಾಲನ್ನಾದರೂ ರಾಜ್ಯಗಳಿಗೆ ಹಂಚಲೇಬೇಕು ಎಂದವರು ವೆಸ್ಟ್ ವರ್ಜೀನಿಯಾದ ಸೆನೆಟರ್ ಹಾರ್ಲಿ ಕಿಲ್ಗೋರ್. 1950ರಲ್ಲಿ ಎನ್‌ಎಸ್‌ಎಫ್ ಕಾಯ್ದೆ ಬಂದಾಗ ಹೆಚ್ಚುಕಡಿಮೆ ಬುಷ್ ಅವರ ದಾರಿಯೇ ಗೆದ್ದಿತು. ಆದರೂ ಸಂಶೋಧನೆ ಕೆಲವೇ ಕಡೆ ಅತಿಯಾಗಿ ಗುಡ್ಡೆ ಬೀಳಬಾರದು ಎಂಬ ಮಾತು ಕಾಯ್ದೆಯಲ್ಲಿ ಉಳಿಯಿತು. ಎಪ್ಸ್ಕೋರ್‌ಗೆ ಆಧಾರ ಅದೇ. 1980ರಲ್ಲಿ ಮೊದಲ ಅನುದಾನ ಪಡೆದ ಐದು ರಾಜ್ಯಗಳು ಅರ್ಕಾನ್ಸಾ, ಮೇನ್, ಮೊಂಟಾನಾ, ಸೌತ್ ಕ್ಯಾರೊಲಿನಾ ಮತ್ತು ಕಿಲ್ಗೋರ್ ಅವರ ವೆಸ್ಟ್ ವರ್ಜೀನಿಯಾ.

ಈಗ ಅರ್ಹತೆ. ಎನ್‌ಎಸ್‌ಎಫ್ ಕೆಲವು ವರ್ಷಗಳಲ್ಲಿ ಕೊಟ್ಟ ಒಟ್ಟು ಸಂಶೋಧನಾ ಹಣದಲ್ಲಿ ಒಂದು ರಾಜ್ಯಕ್ಕೆ ಹೋದದ್ದು ಶೇ. 0.75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ರಾಜ್ಯ ಅರ್ಹ. 50 ರಾಜ್ಯಗಳಿಗೆ ಸಮನಾಗಿ ಹಂಚಿದ್ದರೆ ತಲಾ ಶೇ. 2 ಬರಬೇಕಿತ್ತು. ಕ್ಯಾಲಿಫೋರ್ನಿಯಾ ಒಂದಕ್ಕೇ ಶೇ. 10ಕ್ಕಿಂತ ಜಾಸ್ತಿ ಹೋಗುತ್ತದೆ.

ಶೇ. 0.75ರ ಈ ಗೆರೆಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಲೆಕ್ಕ ಹಾಕಿ ನೋಡಿ. 2020ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 33 ಕೋಟಿ. ವೈಯೋಮಿಂಗ್‌ನದು 6 ಲಕ್ಷದೊಳಗೆ, ಅಂದರೆ ದೇಶದ ಶೇ. 0.17ರಷ್ಟು. ತನ್ನ ಜನಸಂಖ್ಯೆಯ ಪಾಲಿನ ನಾಲ್ಕು ಪಟ್ಟು ಹಣ ಗೆದ್ದರೂ ಅದು ಗೆರೆಯ ಕೆಳಗೇ ಇರುತ್ತದೆ! ಸೌತ್ ಕ್ಯಾರೊಲಿನಾದಲ್ಲಿ 51 ಲಕ್ಷ ಜನ, ದೇಶದ ಶೇ. 1.5. ಅದು ಗೆರೆಯ ಕೆಳಗಿದೆ ಎಂದರೆ ಜನಸಂಖ್ಯೆಗೆ ತಕ್ಕ ಪಾಲಿನ ಅರ್ಧವೂ ಬರುತ್ತಿಲ್ಲ ಎಂದರ್ಥ. ಗೆರೆ ಒಂದೇ, ಎರಡು ರಾಜ್ಯಗಳ ಸ್ಥಿತಿ ಮಾತ್ರ ಪೂರ್ತಿ ಬೇರೆ. ನನ್ನ ಪ್ರಕಾರ ಈ ಯೋಜನೆಯ ದೊಡ್ಡ ಕುಂದು ಇದೇ. ಚಿಕ್ಕ ರಾಜ್ಯವನ್ನೂ ದುರ್ಬಲ ರಾಜ್ಯವನ್ನೂ ಇದು ಒಂದೇ ಕಣ್ಣಿನಿಂದ ನೋಡುತ್ತದೆ.

ಹಣ ಹೋಗುವ ದಾರಿಗಳಲ್ಲಿ ಎರಡನ್ನು ಚೆನ್ನಾಗಿ ತಿಳಿದುಕೊಂಡರೆ ಸಾಕು. ಒಂದು, ಮೂಲಸೌಕರ್ಯದ ಅನುದಾನ. ಇಡೀ ರಾಜ್ಯ ಒಂದು ವಿಷಯ ಆರಿಸಿಕೊಂಡು ಹಲವು ವರ್ಷ ಅದರ ಮೇಲೆ ಲ್ಯಾಬು, ಉಪಕರಣ, ಹೊಸ ಅಧ್ಯಾಪಕರು ಎಂದು ಕಟ್ಟುತ್ತಾ ಹೋಗುತ್ತದೆ. ಎರಡನೆಯದು ಕೋ-ಫಂಡಿಂಗ್. ಅರ್ಹ ರಾಜ್ಯದ ಪ್ರಸ್ತಾವವೂ ಎಲ್ಲರ ಜೊತೆ ಅದೇ ತಜ್ಞರ ಮುಂದೆ ಹೋಗುತ್ತದೆ. ಯೋಗ್ಯ ಅನ್ನಿಸಿಕೊಂಡರೂ ಆ ವಿಭಾಗದ ಹಣ ಸಾಲದೆ ಅಂಚಿನಲ್ಲಿ ನಿಂತರೆ, ಎಪ್ಸ್ಕೋರ್ ತನ್ನ ಪಾಲು ಸೇರಿಸಿ ಅದನ್ನು ಆಚೆ ದಾಟಿಸುತ್ತದೆ. ಗುಣಮಟ್ಟ ಇಳಿಸಿ ಹಣ ಕೊಡುತ್ತಾರೆ ಎಂದು ದೂರುವವರು ಇದನ್ನು ಗಮನಿಸಬೇಕು. ತಜ್ಞರ ಪರೀಕ್ಷೆಯನ್ನು ಇಲ್ಲಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಆರೋಗ್ಯ ಸಂಶೋಧನೆಗೆ ಇಂಥದ್ದೇ ಯೋಜನೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿದೆ. ಹೆಸರು ಐಡಿಯಾ, 1993ರಲ್ಲಿ ಶುರುವಾಯಿತು. ಇದರ ಕೋಬ್ರೆ ಕೇಂದ್ರಗಳು ನನಗೆ ಬಹಳ ಇಷ್ಟ. ಒಂದು ಕೇಂದ್ರದಲ್ಲಿ ಕೆಲವು ಕಿರಿಯ ವಿಜ್ಞಾನಿಗಳು, ಒಬ್ಬೊಬ್ಬರಿಗೂ ಒಂದು ಪ್ರಾಜೆಕ್ಟ್, ಜೊತೆಗೆ ಅನುಭವಿ ಮಾರ್ಗದರ್ಶಕರು. ಅವರಲ್ಲೊಬ್ಬರು ಹೊರಗಿನ ಪೈಪೋಟಿಯಲ್ಲಿ ಸ್ವಂತ ದೊಡ್ಡ ಅನುದಾನ ಗೆದ್ದರೆ ಕೇಂದ್ರದ ಹಣದಿಂದ ಹೊರಬರುತ್ತಾರೆ, ಆ ಜಾಗಕ್ಕೆ ಹೊಸಬರು ಬರುತ್ತಾರೆ. ಸಾಮರ್ಥ್ಯ ಕಟ್ಟುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ಈ ಉದಾಹರಣೆ ಕೊಡಿ. ಇನ್‌ಬ್ರೆ ಎಂಬುದು ಇನ್ನೊಂದು ಕವಲು. ಪದವಿ ಮಟ್ಟದ ಸಣ್ಣ ಕಾಲೇಜುಗಳನ್ನು ಅದು ರಾಜ್ಯದ ಮುಖ್ಯ ಸಂಶೋಧನಾ ಸಂಸ್ಥೆಯ ಜೊತೆ ಜೋಡಿಸುತ್ತದೆ.

ಕೊನೆಗೆ 2022ರ ಚಿಪ್ಸ್ ಮತ್ತು ವಿಜ್ಞಾನ ಕಾಯ್ದೆ. ಎನ್‌ಎಸ್‌ಎಫ್‌ನ ಸಂಶೋಧನಾ ಹಣದಲ್ಲಿ ಅರ್ಹ ರಾಜ್ಯಗಳ ಪಾಲು 2023ರಲ್ಲಿ ಶೇ. 15.5 ಇರಬೇಕು, ಏರುತ್ತಾ 2029ಕ್ಕೆ ಶೇ. 20 ಮುಟ್ಟಬೇಕು ಎಂಬ ಗುರಿಯನ್ನು ಅದು ಇಟ್ಟಿದೆ. ಇಲ್ಲಿ ಎಡವುವವರು ಜಾಸ್ತಿ. ಶೇ. 20 ಎನ್ನುವುದು ಎಪ್ಸ್ಕೋರ್ ಯೋಜನೆಯ ಬಜೆಟ್ ಅಲ್ಲ. ಆ ರಾಜ್ಯಗಳ ಸಂಸ್ಥೆಗಳಿಗೆ ಎನ್‌ಎಸ್‌ಎಫ್‌ನ ಯಾವ ವಿಭಾಗದಿಂದ ಸಂಶೋಧನಾ ಹಣ ಬಂದರೂ ಆ ಲೆಕ್ಕಕ್ಕೆ ಸೇರುತ್ತದೆ. ರಾಜ್ಯದ ಅತಿ ದೊಡ್ಡ ವಿಶ್ವವಿದ್ಯಾಲಯ ಒಂದೇ ಎಲ್ಲವನ್ನೂ ಗೆದ್ದುಕೊಂಡರೂ ಈ ಅಂಕಿ ತುಂಬಿಬಿಡುತ್ತದೆ. ರಾಜ್ಯದೊಳಗಿನ ಅಂತರ ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಇನ್‌ಬ್ರೆಯಂಥ ಕವಲನ್ನು ಉತ್ತರದಲ್ಲಿ ಬಿಡದೆ ಬರೆಯಿರಿ.