ನಿಂತ ವ್ಯಾಗನ್ ಕದಲಿಸುವ ಮುನ್ನ ಮೋರಿ ನೋಡಿ

ಬಳಕೆ ನಿಂತ ಕವಲು ಮಾರ್ಗದಿಂದ ಹಳೆಯ ವ್ಯಾಗನ್‌ಗಳನ್ನು ಹೊರತರುವ ಮಾತು ಬಂದಾಗ ಎಲ್ಲರ ಕಣ್ಣೂ ಮೊದಲು ತುಕ್ಕಿನ ಮೇಲೆ ಬೀಳುತ್ತದೆ. ಕೆಲವರು ಕೆಂಪಾದ ಹಳಿ ನೋಡಿ ಇನ್ನು ಇದು ಆಗದು ಎಂದು ಕೈಚೆಲ್ಲುತ್ತಾರೆ. ಇನ್ನು ಕೆಲವರು ಗಾಲಿ ಗಟ್ಟಿಯಾಗಿ ಕಾಣುತ್ತಿದೆ, ಎಳೆದರೆ ಬಂದೀತು ಎಂದು ಹಗ್ಗ ಕಟ್ಟುತ್ತಾರೆ. ಎರಡೂ ತಪ್ಪು. ಹಳಿಯ ತಲೆಯ ಮೇಲಿನ ತುಕ್ಕು ಬಹಳ ತೆಳು, ಗಾಲಿಗಳು ಉರುಳಿದರೆ ಉಜ್ಜಿಹೋಗುತ್ತದೆ. ಮಾರ್ಗವನ್ನು ಹಾಳುಮಾಡುವುದು ಕಣ್ಣಿಗೆ ಬೀಳದ ಜಾಗದಲ್ಲಿ ನಿಂತ ನೀರು. ಹಾಗಾಗಿ ತಪಾಸಣೆ ಕೆಳಗಿನಿಂದ ಮೇಲಕ್ಕೆ ಬರಬೇಕು. ಹಳಿಯ ಅಡಿಯಿಂದ ನೀರು ಹಾಯುವ ಮೋರಿ, ಜಲ್ಲಿ, ಹಳಿಯನ್ನು ಹೊತ್ತ ಅಡ್ಡ ದಿಮ್ಮಿಗಳಾದ ಸ್ಲೀಪರ್, ಹಳಿ, ಎಲ್ಲದರ ಕೊನೆಗೆ ವ್ಯಾಗನ್.

ರೈಲು ಓಡುತ್ತಿದ್ದಾಗ ಮಳೆಗಾಲಕ್ಕೆ ಮುಂಚೆ ಮೋರಿಯ ಬಾಯಿಯನ್ನೂ ಪಕ್ಕದ ಚರಂಡಿಯನ್ನೂ ಯಾರಾದರೂ ಬಿಡಿಸುತ್ತಿರುತ್ತಾರೆ. ಓಡಾಟ ನಿಂತ ಮೇಲೆ ಎಲೆ, ಹೂಳು, ಬೇರು ಸೇರಿ ಅದನ್ನು ಮುಚ್ಚುತ್ತವೆ. ನೀರು ಹಳಿ ಹೊತ್ತ ಮಣ್ಣಿನ ಏರಿಯ ಒಂದು ಮಗ್ಗುಲಲ್ಲಿ ನಿಲ್ಲುತ್ತದೆ. ರೈಲಿನ ಏರಿ ಕೆರೆಯ ಏರಿಯಂತೆ ನೀರು ತಡೆಯಲು ಕಟ್ಟಿದ್ದಲ್ಲ. ಒಳಗೆ ಜಿನುಗಿದ ನೀರು ಮಣ್ಣಿನ ಕಣಗಳನ್ನು ಹೊತ್ತೊಯ್ದು ಏರಿಯನ್ನು ಪೊಳ್ಳು ಮಾಡುತ್ತದೆ. ಮೇಲೆ ಹಳಿಯೂ ಸ್ಲೀಪರೂ ಏನೂ ಆಗದವರಂತೆ ಇರುತ್ತವೆ. ಏರಿಯ ಬುಡದಲ್ಲಿ ಕದಡಿದ ನೀರಿನ ಒಸರು, ಇಳಿಜಾರಿನಲ್ಲಿ ವಾಲಿದ ಮರ, ಸ್ಲೀಪರಿನ ಅಡಿಯಲ್ಲಿ ಬೆಳಕು ತೂರಿಬರುವ ಸಂದು, ಇವು ಮೂರನ್ನು ಹುಡುಕಿ. ಇವು ಕಂಡಲ್ಲಿ ಖಾಲಿ ವ್ಯಾಗನ್ ಕೂಡ ಹಾಯಬಾರದು. ಮೋರಿ ಬಿಡಿಸುವಾಗ ನಿಂತ ನೀರನ್ನು ಒಮ್ಮೆಲೇ ಹರಿಯಬಿಡಬೇಡಿ. ನೆನೆದ ಮಣ್ಣಿಗೆ ಹೊರಗಿನಿಂದ ಒತ್ತು ಕೊಡುತ್ತಿದ್ದ ನೀರು ಸರಕ್ಕನೆ ಇಳಿದರೆ ಆ ಮಗ್ಗುಲೇ ಜಾರಿ ಬೀಳುತ್ತದೆ.

ಮರದ ಸ್ಲೀಪರು ಮೋಸಗಾರ. ಮರ ಕೊಳೆಯದಂತೆ ಉಣಿಸಿದ ಕ್ರಿಯೋಸೋಟ್ ಎಣ್ಣೆ ಹೊರಪದರವನ್ನು ಕಾಯುತ್ತದೆ, ಆದರೆ ಮೊಳೆಯ ತೂತಿನಿಂದ ಇಳಿದ ನೀರು ತಿರುಳನ್ನು ಕೊಳೆಸುತ್ತದೆ. ಮೇಲ್ಮೈ ಚೆನ್ನಾಗಿದ್ದು ಒಳಗೆ ಲಡ್ಡಾಗಿರುವುದು ತೀರಾ ಸಾಮಾನ್ಯ. ಸುತ್ತಿಗೆಯಿಂದ ಬಡಿದಾಗ ಖಣಿಲ್ ಎನ್ನದೆ ಮಂಕಾಗಿ ಸದ್ದು ಬಂದರೆ, ಹಳಿ ಕೂತ ಜಾಗದ ಪಕ್ಕದಲ್ಲಿ ದಬ್ಬಣ ಚುಚ್ಚಿ ನೋಡಿ. ಹೆಚ್ಚು ಬಲವಿಲ್ಲದೆ 20–25 ಮಿ.ಮೀ. ಇಳಿದರೆ ಆ ಸ್ಲೀಪರನ್ನು ಲೆಕ್ಕದಿಂದ ಬಿಡಿ. ಎರಡು ಒಳ್ಳೆಯವುಗಳ ನಡುವೆ ಒಂದು ಕೆಟ್ಟದ್ದಿದ್ದರೆ ನಿಧಾನವಾಗಿ ದಾಟಬಹುದು. ಮೂರ್ನಾಲ್ಕು ಸಾಲಾಗಿ ಕೆಟ್ಟಿದ್ದರೆ ಮೊಳೆಗಳ ಹಿಡಿತ ತಪ್ಪಿ ಹಳಿಗಳು ಹೊರಕ್ಕೆ ಸರಿಯುತ್ತವೆ, ಗಾಲಿ ಒಳಗೆ ಬೀಳುತ್ತದೆ. ಇಂಥ ಮಾರ್ಗಗಳಲ್ಲಿ ವ್ಯಾಗನ್ ಬೀಳುವುದು ಹೆಚ್ಚಾಗಿ ಹೀಗೆಯೇ.

ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜ್, ಬ್ರಾಡ್‌ಗೇಜಿನಲ್ಲಿ 1676, ಸ್ಟ್ಯಾಂಡರ್ಡ್ ಗೇಜಿನಲ್ಲಿ 1435, ಮೀಟರ್‌ಗೇಜಿನಲ್ಲಿ 1000 ಮಿ.ಮೀ. ಇರಬೇಕು. ಆದರೆ ಭಾರವಿಲ್ಲದಾಗ ಅಳೆದ ಅಂಕಿಯನ್ನು ನಂಬುವಂತಿಲ್ಲ. ಎರಡು ಹಳಿಗಳ ನಡುವೆ ಜಾಕ್ ಅನ್ನು ಅಡ್ಡಲಾಗಿ ಇಟ್ಟು ಮೆಲ್ಲಗೆ ಒತ್ತಿ, ಗೇಜ್ ಎಷ್ಟು ಅಗಲವಾಗುತ್ತದೆ ನೋಡಿ. ಮೊಳೆ ಮೇಲೇಳುತ್ತಿದ್ದರೆ, ಹಳಿಯ ಪಾದ ಸರಿಯುತ್ತಿದ್ದರೆ ಅಲ್ಲಿ ಟೈ ಬಾರ್ ಹಾಕಿ ಎರಡೂ ಹಳಿಗಳನ್ನು ಬಿಗಿಯಬೇಕು. ಸ್ಲೀಪರ್ ಬದಲಿಸಲು ಕೈಯಲ್ಲಿರುವುದು ಕೆಲವೇ ಆದರೆ ಹಳಿ ಸೇರುವ ಜಾಗಗಳಿಗೆ ಮೊದಲು ಹಾಕಿ, ಏಕೆಂದರೆ ಪೆಟ್ಟು ಹೆಚ್ಚು ಬೀಳುವುದು ಅಲ್ಲಿ. ಕಿತ್ತ ಹಳೆಯ ಸ್ಲೀಪರುಗಳನ್ನು ಒಲೆಗೆ ಹಾಕಬೇಡಿ. ಕ್ರಿಯೋಸೋಟಿನ ಹೊಗೆ ವಿಷ.

ಎರಡು ಹಳಿಗಳ ತುದಿಯನ್ನು ಬೋಲ್ಟಿನಿಂದ ಜೋಡಿಸುವ ಪಟ್ಟಿಯಾದ ಫಿಶ್‌ಪ್ಲೇಟಿನ ಒಳಗೆ ತುಕ್ಕು ಕಟ್ಟಿದರೆ ಹಳಿಗಳ ನಡುವೆ ಹಿಗ್ಗಲು ಬಿಟ್ಟ ಸಂದು ಕೆಲಸ ಮಾಡುವುದಿಲ್ಲ. 13 ಮೀಟರ್ ಹಳಿ 40 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಸಿಗದೆ ಒತ್ತಡ ಕೂಡುತ್ತಾ ಹೋಗಿ, ಜಲ್ಲಿ ಕಮ್ಮಿಯಿರುವ ಕಡೆ ಹಳಿ ಪಕ್ಕಕ್ಕೆ ಸೊಟ್ಟಗಾಗುತ್ತದೆ. ತುಕ್ಕು ಹಿಡಿದ ಬೋಲ್ಟುಗಳನ್ನು ನಡುಮಧ್ಯಾಹ್ನ ಬಿಚ್ಚಬೇಡಿ, ಅದುಮಿಕೊಂಡಿದ್ದ ಹಳಿ ಹಠಾತ್ತನೆ ಚಿಮ್ಮಿ ಕಾಲು ಮುರಿಯಬಹುದು. ಬೆಳಗಿನ ತಂಪಿನಲ್ಲೇ ಮಾಡಿ. ಫಿಶ್‌ಪ್ಲೇಟ್ ತೆಗೆದ ಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ಬೋಲ್ಟ್ ತೂತುಗಳ ಅಂಚಿನಿಂದ ಓರೆಯಾಗಿ ಹೊರಟ ಬಿರುಕುಗಳನ್ನು ಹುಡುಕಿ.

ಲೆವೆಲ್ ಕ್ರಾಸಿಂಗ್‌ಗಳಲ್ಲಿ ಗಾಲಿಯ ಅಂಚು ಸಾಗುವ ಸಂದಿನಲ್ಲಿ ಮಣ್ಣೋ ಡಾಂಬರೋ ತುಂಬಿರುತ್ತದೆ. ಆ ಅಂಚಿನ ಎತ್ತರ 28–30 ಮಿ.ಮೀ. ಮಾತ್ರ, ತುಂಬಿದ ಸಂದಿನಲ್ಲಿ ಅದು ಸಲೀಸಾಗಿ ಮೇಲೇರಿ ಹಳಿ ಬಿಡುತ್ತದೆ. ಸಂದನ್ನು ಅಂಚಿಗಿಂತ ಆಳಕ್ಕೆ ಅಗೆದು ಬಿಡಿಸಿ. ಮುಚ್ಚಿಹೋಗಿದ್ದ ಹಳಿಯ ಪಾದ ಅತಿ ಹೆಚ್ಚು ತಿಂದುಹೋಗಿರುವುದೂ ಇಲ್ಲೇ.

ಇಷ್ಟಾದ ಮೇಲೆ ವ್ಯಾಗನ್. ಮುಟ್ಟುವ ಮೊದಲು ಎರಡೂ ಬದಿಯ ಗಾಲಿಗಳಿಗೆ ಬೆಣೆ ಕೊಡಿ. ಏರ್ ಬ್ರೇಕ್ ಹಿಡಿದಿದೆ ಎಂಬ ಭ್ರಮೆ ಬೇಡ. ಪೈಪಿನ ಗಾಳಿ ಇಳಿದಾಗ ಬ್ರೇಕ್ ಬೀಳುತ್ತದೆ, ನಿಜ. ಆದರೆ ಬ್ರೇಕ್ ಸಿಲಿಂಡರಿನ ಗಾಳಿಯೂ ಸೋರುತ್ತದೆ, ಆಮೇಲೆ ಹಿಡಿತವೇ ಇರುವುದಿಲ್ಲ. 2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣಕ್ಕೆ 72 ಟ್ಯಾಂಕರ್ ವ್ಯಾಗನ್‌ಗಳ ಕಚ್ಚಾ ತೈಲದ ರೈಲು ಚಾಲಕನಿಲ್ಲದೆ ಉರುಳಿ ನುಗ್ಗಿದ್ದು ಹೀಗೆ: ನಿಲ್ಲಿಸಿದ್ದ ಎಂಜಿನ್ ಆರಿತ್ತು, ಗಾಳಿ ಸೋರಿತ್ತು, ಹಾಕಿದ್ದ ಹ್ಯಾಂಡ್ ಬ್ರೇಕುಗಳು ಸಾಲಲಿಲ್ಲ. 47 ಮಂದಿ ಸತ್ತರು. 300 ಮೀಟರಿಗೆ ಒಂದು ಮೀಟರ್ ಇಳಿಜಾರು ಕಣ್ಣಿಗೆ ಸಮತಟ್ಟೇ. ಆದರೆ ಅಲ್ಲಿ 40 ಟನ್ ವ್ಯಾಗನ್ನನ್ನು 130 ಕಿಲೋಗೂ ಹೆಚ್ಚು ಬಲ ಕೆಳಕ್ಕೆ ಎಳೆಯುತ್ತಿರುತ್ತದೆ.

ಗಾಲಿಗಳ ಅಚ್ಚಿನ (ಆಕ್ಸಲ್) ತುದಿಯಲ್ಲಿ ಬೇರಿಂಗ್ ಇರುವ ಪೆಟ್ಟಿಗೆಯೇ ಆಕ್ಸಲ್ ಬಾಕ್ಸ್. ಅದರ ಮುಚ್ಚಳ ತೆಗೆಯುವಂತಿದ್ದು ಒಳಗೆ ಎಣ್ಣೆಯ ಪ್ಯಾಡ್ ಇದ್ದರೆ ಅದು ಹಳೆಯ ಪ್ಲೇನ್ ಬೇರಿಂಗ್. ರಿಪೇರಿಗೆ ಅದೇ ಸುಲಭ. ತಳದಲ್ಲಿ ನಿಂತ ನೀರು ತೆಗೆಯಿರಿ, ಕೊಳೆತ ಪ್ಯಾಡ್ ಎಸೆಯಿರಿ, ಬಾಕ್ಸನ್ನು ಜಾಕಿನಿಂದ ತುಸು ಎತ್ತಿ ಹಿತ್ತಾಳೆಯ ಬೇರಿಂಗ್ ಈಚೆಗೆ ಎಳೆಯಿರಿ. ಆಕ್ಸಲಿನ ತುದಿಯಲ್ಲಿ ತುಕ್ಕಿನ ಕಲೆ ಮಾತ್ರವಿದ್ದರೆ ನಯವಾದ ಎಮರಿ ಬಟ್ಟೆಯಿಂದ ಉಜ್ಜಿ. ಉಗುರಿಗೆ ತಾಗುವ ಗುಳಿಗಳಿದ್ದರೆ ಆ ಗಾಲಿ ಜೋಡಿ ಉರುಳಬಾರದು. ಬೇರಿಂಗಿನ ಬಿಳಿ ಲೋಹದ ಪದರ ನೋಡಿ, ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿದ ಹೊಸ ಪ್ಯಾಡ್ ಹಾಕಿ. ರೋಲರ್ ಬೇರಿಂಗ್ ಹೊರಗಿನಿಂದ ಚೆನ್ನಾಗಿ ಕಂಡರೂ ಹೆಚ್ಚು ಅನುಮಾನಕ್ಕೆ ಅರ್ಹ. ವರ್ಷಗಟ್ಟಲೆ ರೋಲರುಗಳು ಒಂದೇ ಜಾಗದಲ್ಲಿ ಕೂತಿರುತ್ತವೆ. ತೇವ ಸೇರಿದ್ದರೆ ಅಲ್ಲಲ್ಲೇ ಗುಳಿ ಬಿದ್ದಿರುತ್ತದೆ. ಬಿಚ್ಚದೆ ಅದು ತಿಳಿಯದು. ದೂರ ಸಾಗಿಸುವುದಿದ್ದರೆ ಲಾರಿಯೇ ಸರಿ.

ಮುಚ್ಚಿದ ಟ್ಯಾಂಕರಿನೊಳಗೆ ಮಾತ್ರ ತಲೆ ಹಾಕಬೇಡಿ. ತುಕ್ಕು ಹಿಡಿಯುವುದೆಂದರೆ ಕಬ್ಬಿಣ ಆಮ್ಲಜನಕವನ್ನು ಹೀರುವುದೇ. ಗಾಳಿಯಲ್ಲಿ 20.9 ಶೇಕಡಾ ಇರಬೇಕಾದದ್ದು ಅಲ್ಲಿ ಉಸಿರಿಗೆ ಸಾಲದಷ್ಟಕ್ಕೆ ಇಳಿದಿರಬಹುದು, ವಾಸನೆಯ ಸುಳಿವೂ ಇರುವುದಿಲ್ಲ. ಆಮ್ಲಜನಕ ಅಳೆಯುವ ಮೀಟರಿನಲ್ಲಿ ಶೇಕಡಾ 19.5ಕ್ಕಿಂತ ಕಡಿಮೆ ತೋರಿದರೆ ಯಾರೂ ಇಳಿಯಕೂಡದು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಗ್ಯಾಸಿನಿಂದ ಕತ್ತರಿಸುವ ಮುನ್ನ ಆ ಗೆರೆಯ ಬಣ್ಣ ಕೆರೆದು ತೆಗೆಯಿರಿ.

ಎಳೆಯಲು ಎಂಜಿನ್ ಕಳಿಸಬೇಡಿ. ನಾಲ್ಕು ಆಕ್ಸಲಿನ 22 ಟನ್ ಖಾಲಿ ವ್ಯಾಗನ್ ಆಕ್ಸಲಿಗೆ ಐದೂವರೆ ಟನ್ ಹೊರಿಸಿದರೆ, ದೊಡ್ಡ ಎಂಜಿನ್ 20 ಟನ್ ಹೊರಿಸುತ್ತದೆ. ವ್ಯಾಗನ್ ತಡೆದ ಸ್ಲೀಪರ್ ಎಂಜಿನ್ನಿಗೆ ಕುಸಿಯುತ್ತದೆ. ಗಟ್ಟಿ ಮಾರ್ಗದಲ್ಲಿ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ನಿಲ್ಲಿಸಿ ಉದ್ದನೆಯ ತಂತಿ ಹಗ್ಗದಿಂದ ಎಳೆಯಿರಿ, ಹಗ್ಗದ ನೇರಕ್ಕೆ ಯಾರನ್ನೂ ನಿಲ್ಲಗೊಡಬೇಡಿ. ಮೊದಲೇ ಬ್ರೇಕ್ ಶೂಗಳನ್ನು ಬಡಿದು ಬಿಡಿಸಿ ಪ್ರತಿ ಗಾಲಿಗೂ ಸೀಮೆಸುಣ್ಣದ ಗೆರೆ ಹಾಕಿ, ನಡಿಗೆಯ ವೇಗಕ್ಕಿಂತ ಹೆಚ್ಚು ಬೇಡ. ಯಾವುದಾದರೂ ಗೆರೆ ತಿರುಗದಿದ್ದರೆ ಆ ಗಾಲಿ ಜಾರುತ್ತಿದೆ, ತಕ್ಷಣ ನಿಲ್ಲಿಸಿ. ಬೆಣೆ ಹಿಡಿದ ಇಬ್ಬರು ಜೊತೆಜೊತೆಗೇ ನಡೆಯಬೇಕು. 50 ಮೀಟರ್ ಆದ ಮೇಲೆ ನಿಂತು ಎಲ್ಲ ಆಕ್ಸಲ್ ಬಾಕ್ಸ್‌ಗಳ ಬಿಸಿ ಹೋಲಿಸಿ. ಒಂದು ಮಾತ್ರ ಬೆಚ್ಚಗಿದ್ದರೆ ಅದನ್ನು ಮತ್ತೆ ಬಿಚ್ಚಬೇಕು.

ಓಡಾಟವಿರುವ ಮಾರ್ಗಕ್ಕೆ ಕೂಡುವ ಜಾಗದಲ್ಲಿ ಕೊನೆಯ ಎಚ್ಚರ ಬೇಕು. ತುಕ್ಕು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಗಾಲಿಗೂ ಹಳಿಗೂ ತುಕ್ಕಿದ್ದರೆ, ಹಳಿಯಲ್ಲಿ ಹರಿಯುವ ವಿದ್ಯುತ್ತಿನಿಂದ ರೈಲು ಇದೆಯೇ ಎಂದು ಪತ್ತೆಹಚ್ಚುವ ಟ್ರ್ಯಾಕ್ ಸರ್ಕ್ಯೂಟಿಗೆ ವ್ಯಾಗನ್ ಇರುವುದೇ ಗೊತ್ತಾಗದೆ, ಮಾರ್ಗ ಖಾಲಿ ಎಂದು ತೋರುತ್ತಿರುತ್ತದೆ. ಅದಕ್ಕೇ ಮುಖ್ಯ ಮಾರ್ಗವನ್ನು ಲಿಖಿತವಾಗಿ ಬಂದ್ ಮಾಡಿಸಿಕೊಂಡ ನಂತರವೇ ವ್ಯಾಗನ್ ದಾಟಿಸಿ, ಅದು ಪೂರ್ತಿ ಈಚೆ ಬಂದದ್ದನ್ನು ಒಬ್ಬರು ಕಣ್ಣಾರೆ ನೋಡಿ ತಿಳಿಸುವವರೆಗೆ ಬಂದ್ ತೆಗೆಸಬೇಡಿ.