ಸಾವಿರ ಚೌಕಗಳಲ್ಲಿ ನಾಸಾ ಪಾಲು ನಾಲ್ಕು

ಸರ್ಕಾರದ ಖರ್ಚು ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಕಲಿಯಲು ಅಮೆರಿಕದ ಒಕ್ಕೂಟ ಸರ್ಕಾರದ ಬಜೆಟ್ ಒಳ್ಳೆಯ ಉದಾಹರಣೆ. ಬಾಹ್ಯಾಕಾಶಕ್ಕೆ ಎಷ್ಟು ಹೋಗುತ್ತದೆ ಎಂಬ ಬಗ್ಗೆ ಅಲ್ಲಿನ ಜನರ ಅಂದಾಜು ವಿಪರೀತ ತಪ್ಪುತ್ತದೆ. 1997ರ ಸಮೀಕ್ಷೆಯೊಂದರಲ್ಲಿ ಒಟ್ಟು ಬಜೆಟ್‌ನಲ್ಲಿ ನಾಸಾ ಪಾಲು ಎಷ್ಟೆಂದು ಕೇಳಿದಾಗ ಬಂದ ಸರಾಸರಿ ಉತ್ತರ ಶೇ 20. ನಿಜವಾದ ಪಾಲು ಆಗ ಶೇ 1ಕ್ಕೂ ಕಡಿಮೆ.

ಪಠ್ಯಪುಸ್ತಕಗಳ ಪೈ ಚಾರ್ಟ್ ಇಲ್ಲಿ ಉಪಯೋಗಕ್ಕೆ ಬಾರದು. ಅದರಲ್ಲಿ ನಾಸಾ ಒಂದು ಗೆರೆಯಷ್ಟೂ ದಪ್ಪ ಕಾಣುವುದಿಲ್ಲ. ಅದರ ಬದಲು ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 40, ಉದ್ದಕ್ಕೆ 25ರಂತೆ 1,000 ಚೌಕಗಳನ್ನು ಗುರುತಿಸಿಕೊಳ್ಳಿ. 2024ರ ಹಣಕಾಸು ವರ್ಷದ ಒಟ್ಟು ಖರ್ಚು ಸುಮಾರು 6.75 ಲಕ್ಷ ಕೋಟಿ ಡಾಲರ್. ಅಂದರೆ ಒಂದು ಚೌಕಕ್ಕೆ 675 ಕೋಟಿ ಡಾಲರ್. ಈಗ ಬಣ್ಣ ತುಂಬುತ್ತಾ ಹೋಗಿ: ಸಾಮಾಜಿಕ ಭದ್ರತೆಯ ಪಿಂಚಣಿಗಳಿಗೆ ಸುಮಾರು 216, ಸಾಲದ ಮೇಲಿನ ಬಡ್ಡಿಗೆ 130, ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 128, ರಕ್ಷಣೆಗೆ 126. ಈ ನಾಲ್ಕರಲ್ಲೇ 600 ಚೌಕ ಮುಗಿದವು. ನಾಸಾಗೆ ಆ ವರ್ಷ ಮಂಜೂರಾದದ್ದು ಸುಮಾರು 2,490 ಕೋಟಿ ಡಾಲರ್. ನಾಲ್ಕು ಚೌಕವೂ ಪೂರ್ತಿ ತುಂಬುವುದಿಲ್ಲ. ಇನ್ನೊಂದು ಬಣ್ಣದಲ್ಲಿ ಸುಮಾರು 270 ಚೌಕಗಳ ಸುತ್ತ ಗೆರೆ ಎಳೆಯಿರಿ. ಅಷ್ಟು ಹಣ ತೆರಿಗೆಯಿಂದ ಬಂದದ್ದಲ್ಲ, ಸಾಲ ಮಾಡಿ ತಂದದ್ದು. ಮುಂದಿನ ವರ್ಷಗಳ ಬಡ್ಡಿಯ ಚೌಕಗಳು ಹಿಗ್ಗುವುದು ಇಲ್ಲಿಂದಲೇ.

‘ರಾಕೆಟ್‌ಗೆ ಸುರಿಯುವ ದುಡ್ಡನ್ನು ಆಸ್ಪತ್ರೆಗೆ ಕೊಡಬಾರದೇ?’ ಎಂಬ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ, ಆದರೆ ಉತ್ತರಿಸುವ ಮೊದಲು ಹಣ ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಬೇಕು. ಪಿಂಚಣಿ, ಮೆಡಿಕೇರ್‌ನಂಥವು ಕಡ್ಡಾಯ ವೆಚ್ಚ. ಯಾರು ಅರ್ಹರು, ಎಷ್ಟು ಸಿಗಬೇಕು ಎಂದು ಕಾನೂನೇ ಹೇಳಿರುವುದರಿಂದ ಪ್ರತಿ ವರ್ಷ ಮತ ಹಾಕದಿದ್ದರೂ ಹಣ ಹೋಗುತ್ತಿರುತ್ತದೆ. 2024ರಲ್ಲಿ ಇದು ಸುಮಾರು 4.1 ಲಕ್ಷ ಕೋಟಿ ಡಾಲರ್. ಬಡ್ಡಿಯಂತೂ ಕಟ್ಟಲೇಬೇಕು. ಸಂಸತ್ತು ವರ್ಷವರ್ಷವೂ ಚರ್ಚಿಸಿ ಹಂಚುವುದು ಉಳಿದ ಸುಮಾರು 1.8 ಲಕ್ಷ ಕೋಟಿಯನ್ನು ಮಾತ್ರ. ಇದು ವಿವೇಚನಾ ವೆಚ್ಚ. ಅದರಲ್ಲೂ ಅರ್ಧದಷ್ಟು ಹತ್ತಿರ ರಕ್ಷಣೆಯದು.

ಈ ವಿವೇಚನಾ ವೆಚ್ಚ 12 ವಿನಿಯೋಗ ಮಸೂದೆಗಳಾಗಿ, ಅಂದರೆ ಹಣ ಮಂಜೂರು ಮಾಡುವ ಮಸೂದೆಗಳಾಗಿ, ಒಡೆಯುತ್ತದೆ. ನಾಸಾ ಇರುವುದು ವಾಣಿಜ್ಯ, ನ್ಯಾಯ ಮತ್ತು ವಿಜ್ಞಾನದ ಮಸೂದೆಯಲ್ಲಿ. ಅದೇ ಮಸೂದೆಯಲ್ಲಿ ಎಫ್‌ಬಿಐ ಇದೆ, ಒಕ್ಕೂಟದ ಜೈಲುಗಳಿವೆ, ಜನಗಣತಿ ಇದೆ, ಹವಾಮಾನ ಮುನ್ಸೂಚನೆ ನೀಡುವ ನೋವಾ ಇದೆ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಇದೆ. ಮಸೂದೆಗೆ ಒಟ್ಟು ಮಿತಿ ನಿಗದಿಯಾದ ಮೇಲೆ ನಾಸಾದ ಚಂದ್ರಯಾತ್ರೆಯ ಹಣ ಎಳೆದಾಡುವುದು ಮೆಡಿಕೇರ್‌ನೊಂದಿಗಲ್ಲ, ಈ ನೆರೆಹೊರೆಯವರೊಂದಿಗೆ. ನಾಸಾದಿಂದ ಕಡಿತಗೊಂಡ ಹಣ ತಾನಾಗಿ ಆಸ್ಪತ್ರೆಗೆ ಹರಿಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಅಂಶ ಇದೇ.

ಶೇಕಡಾವಾರು ಹೇಳುವವರನ್ನು ‘ಯಾವುದರ ಶೇಕಡಾ?’ ಎಂದು ಕೇಳಲೇಬೇಕು. ಅದೇ 2,490 ಕೋಟಿ ಡಾಲರ್ ಒಟ್ಟು ಖರ್ಚಿನ ಶೇ 0.4ರಷ್ಟು, ವಿವೇಚನಾ ವೆಚ್ಚದ ಶೇ 1.4ರಷ್ಟು. ಬೆಂಬಲಿಸುವವರು ಮೊದಲನೆಯದನ್ನು ಹೇಳುತ್ತಾರೆ, ವಿರೋಧಿಸುವವರಿಗೆ ಎರಡನೆಯದೇ ಪ್ರಿಯ. ಎರಡೂ ಸುಳ್ಳಲ್ಲ.

ಹಳೆಯ ವರ್ಷಗಳೊಂದಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಅಪೋಲೊ ಯೋಜನೆಯ ಭರಾಟೆಯಲ್ಲಿ, 1966ರಲ್ಲಿ, ನಾಸಾ ಪಾಲು ಶೇ 4.4 ಮುಟ್ಟಿತ್ತು, ಅದೇ ಗರಿಷ್ಠ. ಆಗಿನ ಮೊತ್ತ ಸುಮಾರು 590 ಕೋಟಿ ಡಾಲರ್. ಈಗ ಡಾಲರ್ ಲೆಕ್ಕದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು, ಪಾಲಿನ ಲೆಕ್ಕದಲ್ಲಿ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಬೆಲೆಯೇರಿಕೆ ಒಂದು ಕಾರಣ. ಪಿಂಚಣಿ ಮತ್ತು ಆರೋಗ್ಯದ ಖರ್ಚು ಬೆಳೆದು ಒಟ್ಟು ಬಜೆಟ್ ದೊಡ್ಡದಾದದ್ದು ಇನ್ನೊಂದು. ಮೆಡಿಕೇರ್ ಕಾನೂನಿಗೆ ಸಹಿ ಬಿದ್ದದ್ದೇ 1965ರಲ್ಲಿ.

ನಾಸಾ ಒಳಗಿನ ಹಂಚಿಕೆಯನ್ನೂ ಒಮ್ಮೆ ನೋಡಿ. 2024ರಲ್ಲಿ ಚಂದ್ರನತ್ತ ಮನುಷ್ಯರನ್ನು ಕಳಿಸುವ ಸಿದ್ಧತೆಗೆ ಸುಮಾರು 767 ಕೋಟಿ ಡಾಲರ್, ದೂರದರ್ಶಕ, ಭೂ ವೀಕ್ಷಣೆಯಂಥ ವಿಜ್ಞಾನಕ್ಕೆ 733 ಕೋಟಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಸೇರಿದ ಕಾರ್ಯಾಚರಣೆಗೆ 422 ಕೋಟಿ. ಈ ಹಣ ಖರ್ಚಾಗುವುದು ಭೂಮಿಯ ಮೇಲೆಯೇ: ಸಂಬಳ, ಗುತ್ತಿಗೆ, ಪ್ರಯೋಗಾಲಯ. ಅಲ್ಲಿನ ಹಣಕಾಸು ವರ್ಷ ಶುರುವಾಗುವ ಅಕ್ಟೋಬರ್ 1ರೊಳಗೆ ವಿನಿಯೋಗ ಮಸೂದೆ ಅಂಗೀಕಾರವಾಗದೆ ತಾತ್ಕಾಲಿಕ ಮುಂದುವರಿಕೆಯ ನಿರ್ಣಯ ಬಂದರೆ, ಹಳೆಯ ಮಟ್ಟದಲ್ಲೇ ಖರ್ಚು ಸಾಗುತ್ತದೆ. ಹೊಸ ಯೋಜನೆಗಳನ್ನು ಸಾಮಾನ್ಯವಾಗಿ ಆರಂಭಿಸುವಂತಿಲ್ಲ.