ಟಿಕೆಟ್ ಗೇಟು ಮತ್ತು ಕಾಲುದಾರಿ: ಇಂಗ್ಲೆಂಡಿನ ಹಳ್ಳಿಗಾಡು ಜನರಿಗೆ ತೆರೆದ ಕಥೆ

ಇಂಗ್ಲೆಂಡಿನಲ್ಲಿ ಮಕ್ಕಳಿಗೆ ರಜೆ ಬಂತೆಂದರೆ ಹಳ್ಳಿಗಾಡಿನ ಕಡೆ ಹೊರಡುವ ಕುಟುಂಬಗಳಿಗೆ ನೋಡುವ ಜಾಗಗಳ ಕೊರತೆಯಿಲ್ಲ. ಶ್ರೀಮಂತ ಮನೆತನಗಳ ಹಳೆಯ ಬಂಗಲೆಗಳಿವೆ. ಸಿಂಹಗಳಿರುವ ಸಫಾರಿ ಪಾರ್ಕುಗಳಿವೆ. ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಬಹುದಾದ ಫಾರ್ಮುಗಳಿವೆ, ಉಗಿ ಇಂಜಿನ್ ಓಡುವ ಪುಟ್ಟ ರೈಲುದಾರಿಗಳಿವೆ. ಇವೆಲ್ಲದರ ಸುತ್ತ ಗುಡ್ಡ, ಕಾಡು, ಹೊಲ, ಹೊಳೆ. ಆದರೆ ಎಲ್ಲಿ ಟಿಕೆಟ್ ಕೊಳ್ಳಬೇಕು, ಎಲ್ಲಿ ಸುಮ್ನೆ ನಡೆದು ಹೋಗಬಹುದು, ಎಲ್ಲಿ ಕಾಲಿಟ್ಟರೆ ಮಾಲೀಕರು ಬಂದು ಎಬ್ಬಿಸಬಹುದು ಎನ್ನುವುದು ಅಲ್ಲೇ ಹುಟ್ಟಿ ಬೆಳೆದವರಿಗೂ ಗೊಂದಲ. ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ ಕನ್ನಡದ ಕುಟುಂಬಗಳಿಗಂತೂ ಇನ್ನೂ ಜಾಸ್ತಿ.

ಗೊಂದಲ ಎಷ್ಟಿದೆಯೆಂದರೆ, ಡಾರ್ಟ್‌ಮೂರ್ ಎಂಬ ಬೆಟ್ಟದ ಬಯಲಿನಲ್ಲಿ ಒಂದು ರಾತ್ರಿ ಗುಡಾರ ಹಾಕಿ ಮಲಗುವ ಹಕ್ಕು ಜನರಿಗೆ ಇದೆಯೇ ಎಂಬ ಪ್ರಶ್ನೆ ಮೂರು ನ್ಯಾಯಾಲಯ ಹತ್ತಿತು. 2023ರ ಜನವರಿಯಲ್ಲಿ ಹೈಕೋರ್ಟ್ ‘ಇಲ್ಲ’ ಎಂದಿತು. ಅದೇ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ‘ಇದೆ’ ಎಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ‘ಇದೆ’ ಎಂಬುದನ್ನೇ ಎತ್ತಿ ಹಿಡಿಯಿತು. ಇಷ್ಟು ಸರಳವಾದ ಪ್ರಶ್ನೆ ಇಷ್ಟು ದೂರ ಹೋದದ್ದೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಗೋಮಾಳದ ಹಾಗೆ ಇಂಗ್ಲೆಂಡಿನಲ್ಲೂ ಊರಿನವರೆಲ್ಲ ದನ ಕುರಿ ಮೇಯಿಸುವ, ಸೌದೆ ಆರಿಸುವ ಜಮೀನು ಇತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿ ಅಂಥ ನೆಲಕ್ಕೂ ಊರಿನ ತೆರೆದ ಹೊಲಗಳಿಗೂ ಬೇಲಿ ಹಾಕಿಸಿತು. ದೇಶದ ಸುಮಾರು ಐದನೇ ಒಂದು ಭಾಗ ಹೀಗೆ ಬೇಲಿಯೊಳಗೆ ಸೇರಿತು. ಜನ ಗಿರಣಿ ಊರುಗಳಿಗೆ ಹೋದರು. 1841ರ ಜುಲೈ 5ರಂದು, ಮುಂದೆ ಪ್ರವಾಸ ಕಂಪನಿ ಕಟ್ಟಿದ ಥಾಮಸ್ ಕುಕ್ ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗಿನಂತೆ ಲೆಸ್ಟರ್‌ನಿಂದ ಲಾಫ್‌ಬರೋಗೆ ರೈಲಿನಲ್ಲಿ ಕರೆದೊಯ್ದರು. 1871ರಲ್ಲಿ ಬ್ಯಾಂಕ್ ರಜೆಯ, ಅಂದರೆ ಸಾರ್ವಜನಿಕ ರಜೆಯ, ಕಾಯ್ದೆ ಬಂತು. 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್‌ಸ್ಲಿ ಸೇರಿ, ಚೆಂದದ ಜಾಗಗಳನ್ನೂ ಹಳೆಯ ಕಟ್ಟಡಗಳನ್ನೂ ಜನರಿಗಾಗಿ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಕಟ್ಟಿದರು. ಆಗ ಅದರ ಕಣ್ಣು ಬಂಗಲೆಗಳ ಮೇಲೆ ಇರಲಿಲ್ಲ. ಊರಿನ ಬಡವರಿಗೆ ಉಸಿರಾಡಲು ಬಯಲು ಬೇಕು ಎಂಬುದು ಆಕ್ಟೇವಿಯಾ ಹಿಲ್ ಅವರ ಹಟವಾಗಿತ್ತು. ಟ್ರಸ್ಟ್ ಎಂದರೆ ಬಂಗಲೆ ಮತ್ತು ಟೀ ರೂಮು ಎಂದುಕೊಂಡವರು ಇದನ್ನು ನೆನಪಿಡಬೇಕು.

ಇಲ್ಲಿಂದ ಮುಂದಿನ ಕಥೆಯನ್ನು ಒಂದೇ ಜಿಲ್ಲೆಯಲ್ಲಿ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತದೆ. ಅದು ಡಾರ್ಬಿಶೈರ್. ಅಲ್ಲಿ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲುಗುಡ್ಡ ಇದೆ. ಅದೇ ಜಿಲ್ಲೆಯಲ್ಲಿ ಚಾಟ್ಸ್‌ವರ್ತ್ ಎಂಬ ದೊಡ್ಡ ಅರಮನೆ ಇದೆ. ಎರಡೂ ಡೆವನ್‌ಶೈರ್ ಡ್ಯೂಕ್ ಮನೆತನಕ್ಕೆ ಸೇರಿದ್ದವು.

ಕಿಂಡರ್‌ನ ಒಂದು ಕಡೆ ಮ್ಯಾಂಚೆಸ್ಟರ್, ಇನ್ನೊಂದು ಕಡೆ ಶೆಫೀಲ್ಡ್. ವಾರವೆಲ್ಲ ಹೊಗೆಯಲ್ಲಿ ದುಡಿದವರು ಭಾನುವಾರ ಗುಡ್ಡ ಹತ್ತಲು ಬರುತ್ತಿದ್ದರು. ಆದರೆ ಗುಡ್ಡದ ಮೇಲೆ ಗ್ರೌಸ್ ಹಕ್ಕಿ ಸಾಕುತ್ತಿದ್ದರು. ವರ್ಷದಲ್ಲಿ ಕೆಲವೇ ದಿನ ಅದರ ಬೇಟೆ. ಅದಕ್ಕಾಗಿ ವರ್ಷಪೂರ್ತಿ ಕೋಲು ಹಿಡಿದ ಕಾವಲುಗಾರರು. 1932ರ ಏಪ್ರಿಲ್ 24ರಂದು ಹೇಫೀಲ್ಡ್ ಊರಿನಿಂದ ಸುಮಾರು 400 ಜನ, ಹೆಚ್ಚಿನವರು ಹರೆಯದವರು, ಬೇಕೆಂದೇ ಗುಡ್ಡ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಮೇಲೆ ಕಾವಲುಗಾರರ ಜೊತೆ ತಳ್ಳಾಟವಾಯಿತು. ಕೆಳಗಿಳಿದಾಗ ಪೊಲೀಸರು ಕಾದಿದ್ದರು. ಐವರಿಗೆ 2ರಿಂದ 6 ತಿಂಗಳ ಜೈಲಾಯಿತು. ಬೇರೆಯವರ ಜಮೀನಿಗೆ ಕಾಲಿಡುವುದು ಆಗಿನ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ಹಾಗಾಗಿ ದೊಂಬಿಯ ಆರೋಪ ಹೊರಿಸಿದರು. ಬೇಲಿ ಹಾರಿದ್ದಕ್ಕಿಂತ ಶಿಕ್ಷೆಯೇ ದೊಡ್ಡ ಸುದ್ದಿಯಾಯಿತು. ನಡಿಗೆಯ ಸಂಘಗಳಲ್ಲಿ ಮೊದಲು ಈ ಹುಡುಗರನ್ನು ಒಪ್ಪದಿದ್ದವರಿಗೂ ಸಿಟ್ಟು ಬಂತು.

ಆಮೇಲೆ ಯುದ್ಧ. ಯುದ್ಧ ಮುಗಿದ ಮೇಲೆ ಬಂದ 1949ನೇ ಇಸವಿಯನ್ನು ಈ ಇಡೀ ಕಥೆಯ ಕವಲು ಎನ್ನಬಹುದು. ಆ ಒಂದೇ ವರ್ಷದಲ್ಲಿ ಹಳ್ಳಿಗಾಡಿಗೆ ಎರಡು ಬಾಗಿಲು ತೆರೆದವು.

ಒಂದು ಬಾಗಿಲು ಕಾನೂನಿನದು. ಆ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. ಜನ ತಲೆತಲಾಂತರದಿಂದ ಓಡಾಡುವ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ಗುರುತಿಸಬೇಕು ಎಂದು ಅದು ಕೌಂಟಿ ಆಡಳಿತಗಳಿಗೆ ಹೇಳಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಕಿಂಡರ್ ಇರುವುದೂ ಚಾಟ್ಸ್‌ವರ್ತ್ ಇರುವುದೂ ಅದರೊಳಗೆ. ನಮ್ಮಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ಅರಣ್ಯ ಇಲಾಖೆಯ ಗೇಟು, ಜೀಪು ನೆನಪಾಗುತ್ತದೆ ಅಲ್ವಾ? ಅಲ್ಲಿ ಹಾಗಿಲ್ಲ. ಉದ್ಯಾನದೊಳಗೆ ಊರು, ಹೊಲ, ಶಾಲೆ ಎಲ್ಲ ಇವೆ, ಜಮೀನು ಬಹುಪಾಲು ಖಾಸಗಿಯವರದೇ. ಒಳಗೆ ಹೋಗಲು ಟಿಕೆಟ್ ಇಲ್ಲ.

ಇನ್ನೊಂದು ಬಾಗಿಲು ತೆರೆದದ್ದು ವಿಲ್ಟ್‌ಶೈರ್‌ನಲ್ಲಿ. 1949ರ ಏಪ್ರಿಲ್ 1ರಂದು ಬಾತ್‌ನ ಮಾರ್ಕ್ವಿಸ್ ತಮ್ಮ ಲಾಂಗ್‌ಲೀಟ್ ಮನೆಯನ್ನು ಜನರಿಗೆ ತೆರೆದರು. ಟಿಕೆಟ್ ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲಿಂಗ್. ಸುತ್ತಮುತ್ತಲಿನ ಶ್ರೀಮಂತರು ಮೂಗು ಮುರಿದರು. ಆದರೆ ಬೇರೆ ದಾರಿ ಇರಲಿಲ್ಲ. ಮನೆಯ ಯಜಮಾನ ಸತ್ತರೆ ಆಸ್ತಿಯ ಮೇಲೆ ಭಾರೀ ತೆರಿಗೆ ಬೀಳುತ್ತಿತ್ತು. ಅತಿ ದೊಡ್ಡ ಆಸ್ತಿಗಳಿಗೆ ಅದು ನೂರಕ್ಕೆ 80ರವರೆಗೂ ಇತ್ತು. ಮನೆಗೆಲಸಕ್ಕೆ ಜನ ಸಿಗುತ್ತಿರಲಿಲ್ಲ. ನೂರಾರು ಬಂಗಲೆಗಳನ್ನು ಮಾಲೀಕರೇ ಕೆಡವಿಸಿ ಕಲ್ಲು, ಮರ ಮಾರಿದರು.

ಚಾಟ್ಸ್‌ವರ್ತ್ ಕೂಡ 1949ರಲ್ಲಿ ಯುದ್ಧಾನಂತರ ಮತ್ತೆ ಜನರಿಗೆ ಬಾಗಿಲು ತೆರೆಯಿತು. ಮರುವರ್ಷವೇ ಆ ಮನೆತನಕ್ಕೆ ಸಿಡಿಲು ಬಡಿದಂತಾಯಿತು. ಹತ್ತನೆಯ ಡ್ಯೂಕ್ ಆಸ್ತಿಯನ್ನು ಮುಂಚೆಯೇ ಮಗನ ಕಡೆಗೆ ದಾಟಿಸಿದ್ದರು. ಹಾಗೆ ಕೊಟ್ಟ ಮೇಲೆ ಐದು ವರ್ಷ ಬದುಕಿದ್ದರೆ ತೆರಿಗೆ ತಪ್ಪುತ್ತಿತ್ತು. 1950ರ ನವೆಂಬರ್‌ನಲ್ಲಿ, ಐದು ವರ್ಷ ತುಂಬಲು ಸ್ವಲ್ಪವೇ ಬಾಕಿ ಇರುವಾಗ, ಅವರು ತೀರಿಕೊಂಡರು. ಮಗ ಸಾವಿರಾರು ಎಕರೆ ಮಾರಿದರು, ದೊಡ್ಡ ಚಿತ್ರಗಳನ್ನು ಬಿಟ್ಟುಕೊಟ್ಟರು. ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಮನೆಯನ್ನು ತೆರಿಗೆಯ ಲೆಕ್ಕಕ್ಕೆ ಸರ್ಕಾರಕ್ಕೆ ಒಪ್ಪಿಸಿದರು. 1959ರಲ್ಲಿ ಅದು ನ್ಯಾಷನಲ್ ಟ್ರಸ್ಟಿಗೆ ಬಂತು. ಇಂದು ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ನೋಡುವುದು ಎಲಿಜಬೆತ್ ರಾಣಿಯ ಕಾಲದ ಕಿಟಕಿಗಳನ್ನು. ಅವು ಜನರ ಕಣ್ಣಿಗೆ ಬಿದ್ದದ್ದರ ಹಿಂದೆ ಒಂದು ತೆರಿಗೆಯ ಕಥೆಯಿದೆ.

ಬಂಗಲೆ ಮಾತ್ರ ತೋರಿಸಿದರೆ ಮಕ್ಕಳು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಮಾಲೀಕರಿಗೆ ಇದು ಬೇಗ ಅರ್ಥವಾಯಿತು. 1952ರಲ್ಲಿ ಬ್ಯೂಲಿಯ ಮಾಂಟೆಗ್ಯು ಸಾಹೇಬರು ಮನೆಯ ಹಜಾರದಲ್ಲಿ ಕೆಲವು ಹಳೆಯ ಕಾರು ನಿಲ್ಲಿಸಿದರು. ಅದೇ ಬೆಳೆದು ಮೋಟಾರು ವಸ್ತುಸಂಗ್ರಹಾಲಯವಾಯಿತು. 1966ರಲ್ಲಿ ಲಾಂಗ್‌ಲೀಟ್‌ಗೆ ಸರ್ಕಸ್ಸಿನ ಜಿಮ್ಮಿ ಚಿಪ್ಪರ್‌ಫೀಲ್ಡ್ ಸಿಂಹ ತಂದರು. ಆಫ್ರಿಕಾದ ಹೊರಗೆ ಕಾರಿನಲ್ಲಿ ಕೂತು ನೋಡುವ ಮೊದಲ ಸಫಾರಿ ಅದು. ಸುತ್ತಲ ಊರಿನವರು ಹೆದರಿ ವಿರೋಧಿಸಿದರು. ಆದರೆ ಕಾರುಗಳ ಸಾಲು ನಿಲ್ಲಲಿಲ್ಲ. 1973ರಲ್ಲಿ ಚಾಟ್ಸ್‌ವರ್ತ್ ಮಕ್ಕಳಿಗಾಗಿ ದನದ ಕೊಟ್ಟಿಗೆಯನ್ನೇ ತೆರೆಯಿತು. ಹಾಲು ಎಲ್ಲಿಂದ ಬರುತ್ತದೆ ಎಂದು ಪೇಟೆಯ ಮಕ್ಕಳಿಗೆ ತೋರಿಸುವುದು ಅದರ ಉದ್ದೇಶ. ನನಗೆ ಇದು ನಿಜಕ್ಕೂ ಒಳ್ಳೆಯ ಯೋಚನೆ ಅನಿಸುತ್ತದೆ. ಟಿಕೆಟ್ ಗೇಟಿನ ಒಳಗೂ ಕಲಿಯುವಂಥದ್ದು ಇದೆ.

ಈ ಮನೆಗಳ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ತುಂಬಾ ತಡವಾಗಿ ಎದ್ದಿತು. 2020ರಲ್ಲಿ ನ್ಯಾಷನಲ್ ಟ್ರಸ್ಟೇ ಒಂದು ವರದಿ ತಂದು, ತನ್ನ 93 ಜಾಗಗಳಿಗೆ ಗುಲಾಮಗಿರಿ ಅಥವಾ ವಸಾಹತು ಆಳ್ವಿಕೆಯ ನಂಟಿದೆ ಎಂದಿತು. ದೊಡ್ಡ ಗಲಾಟೆಯೇ ಆಯಿತು. ಇಂಗ್ಲೆಂಡಿನ ಗಡಿ ದಾಟಿ ವೇಲ್ಸಿನ ಪೊವಿಸ್ ಕೋಟೆಗೆ ಹೋದರೆ, ಅದೂ ಟ್ರಸ್ಟಿನದೇ, ಟಿಪ್ಪು ಸುಲ್ತಾನನ ಗುಡಾರ ಕಾಣುತ್ತದೆ. ಅವನ ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲೊಂದೂ ಅಲ್ಲೇ ಇದೆ. ಶ್ರೀರಂಗಪಟ್ಟಣದ ಹೆಸರು ಓದಿದ ಕನ್ನಡದ ಮಗು ಅಪ್ಪನನ್ನು ಕೇಳುವ ಪ್ರಶ್ನೆಗೆ ಉತ್ತರವೂ ಅದೇ ಕೋಣೆಯಲ್ಲಿ ಇರಬೇಕು. ಅದರಲ್ಲಿ ಗಲಾಟೆ ಮಾಡುವಂಥದ್ದೇನೂ ಇಲ್ಲ.

ಈ ನಡುವೆ ಇನ್ನೊಂದು ಬದಲಾವಣೆ ಆಯಿತು. ಜನ ಕಾರು ಕೊಂಡರು. 1963ರ ಬೀಚಿಂಗ್ ವರದಿ 2,363 ರೈಲು ನಿಲ್ದಾಣಗಳನ್ನು ಮುಚ್ಚಬೇಕೆಂದು ಹೇಳಿತು. ಹೆಚ್ಚಿನವು ಮುಚ್ಚಿದವು. 1932ರಲ್ಲಿ ಗುಡ್ಡ ಹತ್ತಿದವರ ಹೇಫೀಲ್ಡಿಗೇ 1970ರಲ್ಲಿ ರೈಲು ನಿಂತಿತು. ಕಾರಿಲ್ಲದ ಕುಟುಂಬಕ್ಕೆ ಹಳ್ಳಿಗಾಡು ಅಲ್ಲಿಂದಲೇ ದೂರವಾಯಿತು. ನಕಾಶೆಯಲ್ಲಿ ಕಾಲುದಾರಿ ಇದೆ, ಅದರ ತುದಿಗೆ ತಲುಪಲು ಬಸ್ಸಿಲ್ಲ. ಹಳ್ಳಿಗಾಡಿನ ಪ್ರವಾಸದ ಬಗ್ಗೆ ಮಾತಾಡುವವರು ಟಿಕೆಟ್ ದರವನ್ನು ಬೈಯುತ್ತಾರೆ. ರೈಲು ಹೋದದ್ದು ಅದಕ್ಕಿಂತ ದೊಡ್ಡ ನಷ್ಟ ಎಂದು ನನ್ನ ಅನಿಸಿಕೆ.

ಮುಚ್ಚಿದ ಹಳಿಗಳಿಂದ ಒಂದು ಒಳ್ಳೆಯದೂ ಆಯಿತು. ಕೆಲವನ್ನು ಆಸಕ್ತರು ಕೊಂಡು ಉಗಿ ಇಂಜಿನ್ ಓಡಿಸಿದರು. ಸಸೆಕ್ಸಿನ ಬ್ಲೂಬೆಲ್ ರೈಲು 1960ರಲ್ಲೇ ಶುರುವಾಗಿತ್ತು. ಇನ್ನು ಕೆಲವು ನಡಿಗೆಯ ದಾರಿಗಳಾದವು. ಡಾರ್ಬಿಶೈರ್‌ನಲ್ಲೇ ಬೇಕ್‌ವೆಲ್ ಬಳಿಯ ಮಾನ್ಸಲ್ ಟ್ರೇಲ್ ಅಂಥದ್ದು. 2011ರಲ್ಲಿ ಅದರ ಸುರಂಗಗಳೂ ತೆರೆದವು. ಸಮತಟ್ಟಾದ ದಾರಿ, ಹತ್ತಿಳಿಯುವ ಮೆಟ್ಟಿಲಿಲ್ಲ. ಮಗುವಿನ ತಳ್ಳುಗಾಡಿ, ಅಜ್ಜಿಯ ಗಾಲಿಕುರ್ಚಿ, ಸೈಕಲ್ಲು ಎಲ್ಲ ಹೋಗುತ್ತವೆ. ಹೊಲದ ಕಾಲುದಾರಿಗಳಲ್ಲಿ ಇದು ಕಷ್ಟ. ಅಲ್ಲಿ ಬೇಲಿ ದಾಟಲು ಮರದ ಅಥವಾ ಕಲ್ಲಿನ ಮೆಟ್ಟಿಲು ಹತ್ತಿ ಇಳಿಯಬೇಕು.

ರೈತರು ಈ ಕಥೆಗೆ ಬಂದದ್ದು ಸ್ವಲ್ಪ ತಡವಾಗಿ. 1971ರಲ್ಲಿ ಗ್ಲಾಸ್ಟರ್‌ಶೈರ್‌ನ ಜೋ ಹೆನ್ಸನ್ ಅಳಿದುಹೋಗುತ್ತಿದ್ದ ನಾಟಿ ತಳಿಯ ಕುರಿ, ಹಂದಿ, ದನಗಳನ್ನು ಸಾಕಿ, ಅವುಗಳ ಖರ್ಚಿಗೆಂದು ಜನರಿಗೆ ಫಾರ್ಮ್ ತೆರೆದರು. ಅದೇ ಕಾಟ್ಸ್‌ವಲ್ಡ್ ಫಾರ್ಮ್ ಪಾರ್ಕ್. 1984ರಲ್ಲಿ ಯುರೋಪಿನ ಹಾಲಿನ ಕೋಟಾ, ಅಂದರೆ ಹಾಲಿನ ಉತ್ಪಾದನೆಗೆ ಮಿತಿ, ಬಂದ ಮೇಲೆ ಅನೇಕ ರೈತರು ಹಾಲಿನ ಜೊತೆ ಬೇರೆ ಆದಾಯ ಹುಡುಕಿದರು. ಜೋಳದ ಹೊಲದಲ್ಲಿ ದಾರಿ ತಪ್ಪಿಸುವ ಆಟ, ಕುಂಬಳಕಾಯಿ ಕೀಳುವ ದಿನ, ಟ್ರ್ಯಾಕ್ಟರ್ ಸವಾರಿ ಎಲ್ಲ ಕ್ರಮೇಣ ಬಂದವು.

2001ರಲ್ಲಿ ಕಾಲುಬಾಯಿ ರೋಗ ಬಂತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಜೊತೆಗೆ ದೇಶದ ತುಂಬ ಕಾಲುದಾರಿಗಳನ್ನು ಮುಚ್ಚಿದರು. ಆಗ ಹೋಟೆಲು, ಟೀ ಅಂಗಡಿ, ಹಳ್ಳಿಯ ವಸತಿಮನೆಗಳು ನೆಲಕಚ್ಚಿದವು. ಹಳ್ಳಿಗಾಡಿನಲ್ಲಿ ನಡೆದಾಡಲು ಬರುವವರ ಮೇಲೆ ಎಷ್ಟು ಜನರ ಅನ್ನ ನಿಂತಿದೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ದಾರಿಹೋಕರು ಬೆಳೆ ತುಳಿಯುವ ಪೀಡೆ ಎಂದು ನಂಬಿದ್ದವರಿಗೂ ಆ ಬೇಸಿಗೆಯ ಖಾಲಿತನ ಕಂಡಿತು.

ಅದಕ್ಕೆ ಹಿಂದಿನ ವರ್ಷ, 2000ದಲ್ಲಿ, ಕಿಂಡರ್ ಹುಡುಗರು ಕೇಳಿದ್ದು ಕಾನೂನಾಯಿತು. ಬೆಟ್ಟ, ಬಯಲುಗುಡ್ಡ, ಪೊದೆಬಯಲು, ಸುಣ್ಣಕಲ್ಲಿನ ಹುಲ್ಲುಗುಡ್ಡ ಮತ್ತು ನೋಂದಾಯಿತ ಊರಜಮೀನಿನಲ್ಲಿ ದಾರಿ ಬಿಟ್ಟೂ ನಡೆಯಬಹುದು ಎಂದಿತು ಕಾಯ್ದೆ. 2005ರ ಹೊತ್ತಿಗೆ ಇಡೀ ಇಂಗ್ಲೆಂಡಿನಲ್ಲಿ ಜಾರಿಯಾಯಿತು. 2002ರಲ್ಲಿ ಕಿಂಡರ್ ಘಟನೆಯ 70ನೇ ವರ್ಷದ ಸಭೆಗೆ ಹನ್ನೊಂದನೆಯ ಡ್ಯೂಕ್ ಬಂದು, ತಮ್ಮ ತಾತ ಅಂದು ಮಾಡಿದ್ದು ತಪ್ಪು ಎಂದು ಎಲ್ಲರ ಎದುರು ಕ್ಷಮೆ ಕೇಳಿದರು. ಕಿಂಡರ್ ಅಷ್ಟರಲ್ಲಿ, 1982ರಲ್ಲೇ, ನ್ಯಾಷನಲ್ ಟ್ರಸ್ಟಿನ ಕೈಗೆ ಬಂದಿತ್ತು.

ಆದರೆ ಈ ಹಕ್ಕು ಇರುವುದು ಇಂಗ್ಲೆಂಡಿನ ನೂರಕ್ಕೆ ಸುಮಾರು 8 ಭಾಗ ನೆಲದ ಮೇಲೆ. ಅದರಲ್ಲೂ ಹೆಚ್ಚಿನದು ಉತ್ತರದ ಎತ್ತರದ ಗುಡ್ಡಗಳಲ್ಲಿ. ಜನ ಜಾಸ್ತಿ ಇರುವ ದಕ್ಷಿಣದ ಕಾಡು, ಹೊಳೆದಂಡೆಗಳು ಬಹುಪಾಲು ಇದರ ಹೊರಗೆ ಉಳಿದವು. ಪಕ್ಕದ ಸ್ಕಾಟ್ಲೆಂಡ್ 2003ರಲ್ಲಿ ಹೆಚ್ಚುಕಡಿಮೆ ಎಲ್ಲ ನೆಲ, ನೀರಿಗೂ ಹಕ್ಕು ಕೊಟ್ಟಿತು. ಇಂಗ್ಲೆಂಡ್ ತುಂಡು ತುಂಡಾಗಿ ಕೊಟ್ಟಿತು. ಗೊಂದಲ ಹುಟ್ಟಿದ್ದು ಅಲ್ಲೇ. ದೊಡ್ಡ ಸಫಾರಿ ಪಾರ್ಕಿಗೆ ನಾಲ್ವರು ಹೋದರೆ ಖರ್ಚು ಸುಲಭವಾಗಿ 100 ಪೌಂಡ್ ಮುಟ್ಟುತ್ತದೆ. ಅದಕ್ಕೆ ಹೆದ್ದಾರಿಯಿಂದಲೇ ಕಂದು ಬಣ್ಣದ ಫಲಕ ಕೈತೋರಿಸುತ್ತದೆ. ಅದೇ ಊರಿನ ಹಿಂದಿನ ಪುಕ್ಕಟೆ ಕಾಲುದಾರಿಗೆ ಬೇಲಿಯ ಸಂದಿನಲ್ಲಿ ಒಂದು ಸಣ್ಣ ಕಂಬ. ಚಾಟ್ಸ್‌ವರ್ತ್‌ನಲ್ಲೂ ಹೊಳೆಯ ಪಕ್ಕದ ವಿಶಾಲ ಹುಲ್ಲುಗಾವಲಿನಲ್ಲಿ ನಡೆಯಲು ಟಿಕೆಟ್ ಬೇಡ. ಮನೆ, ತೋಟ, ಕೊಟ್ಟಿಗೆಗೆ ಮಾತ್ರ ಬೇಕು. ಎಷ್ಟೋ ಜನಕ್ಕೆ ಇದು ತಿಳಿಯದು.

ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 1,40,000 ಮೈಲಿ ಸಾರ್ವಜನಿಕ ದಾರಿ ನಕಾಶೆಯಲ್ಲಿದೆ. ಅದಕ್ಕೆ ಸೇರದೆ ಬಿಟ್ಟುಹೋದದ್ದು ಇನ್ನೂ 49,000 ಮೈಲಿಗೂ ಹೆಚ್ಚು ಎಂದು ರ‍್ಯಾಂಬ್ಲರ್ಸ್ ಎಂಬ ನಡಿಗೆಯವರ ಸಂಘ ಹಳೆಯ ನಕಾಶೆಗಳನ್ನು ಹುಡುಕಿ ಲೆಕ್ಕ ಹಾಕಿದೆ. ಅಂಥ ದಾರಿಗಳನ್ನು ಸೇರಿಸಲು 2026ರ ಗಡುವು ಇತ್ತು. ಅದನ್ನು 2031ಕ್ಕೆ ತಳ್ಳಿದರು. 2024ರ ಕೊನೆಯಲ್ಲಿ ಸರ್ಕಾರ ಗಡುವನ್ನೇ ತೆಗೆಯುವುದಾಗಿ ಹೇಳಿತು. ಹಳೆಯ ದಾಖಲೆ ಇಲ್ಲದಿದ್ದರೂ ಒಂದು ದಾರಿ ಉಂಟು. ಜನ 20 ವರ್ಷ ಯಾರ ಅಪ್ಪಣೆಯೂ ಇಲ್ಲದೆ, ಕದ್ದುಮುಚ್ಚದೆ, ಜಗಳವಾಡದೆ ಒಂದು ಹಾದಿಯಲ್ಲಿ ಓಡಾಡಿದ್ದರೆ, ಅದನ್ನು ಸಾರ್ವಜನಿಕ ದಾರಿ ಎಂದು ಸೇರಿಸಿ ಎಂದು ಕೇಳಬಹುದು. ಮಾಲೀಕರು ಮೊದಲೇ ಫಲಕ ಹಾಕಿ ಒಪ್ಪಿಗೆ ಇಲ್ಲ ಎಂದು ತಿಳಿಸಿರಬಾರದು ಅಷ್ಟೆ. ಅರ್ಜಿಯ ಜೊತೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಲ್ಲಿ ನಡೆದೆವು ಎಂದು ಆಸುಪಾಸಿನ ಮನೆಗಳವರು ಒಬ್ಬೊಬ್ಬರಾಗಿ ಬರೆದು ಸಹಿ ಹಾಕಿ ಕೊಡುತ್ತಾರೆ.